ಟರ್ಬೊ ಕಾರಿನ ನಾಕಿಂಗ್: ಕಿವಿ ನಂಬಬೇಕಾ, ಸ್ಕ್ಯಾನರ್ ನಂಬಬೇಕಾ?

ಹೋದ ವರ್ಷ ಏಪ್ರಿಲ್‌ನಲ್ಲಿ ಕಾರವಾರದಿಂದ ಶಿರಸಿಗೆ ಹೊರಟಿದ್ದೆ. ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತುವಾಗ, ಮೂರನೇ ಗೇರ್‌ನಲ್ಲಿ, 2200 ಆರ್‌ಪಿಎಂ ಹತ್ತಿರ ಮುಂದಿನಿಂದ ಸಣ್ಣಗೆ ಟಿರ್ರ್ ಅಂತ ಶಬ್ದ. ಸ್ಟೀಲ್ ಡಬ್ಬಿಯಲ್ಲಿ ನಾಲ್ಕು ಕಾಳುಮೆಣಸು ಹಾಕಿ ಅಲ್ಲಾಡಿಸಿದ ಹಾಗೆ. ಎಕ್ಸಲೇಟರ್ ಬಿಟ್ಟರೆ ಮಾಯ, ಒತ್ತಿದರೆ ಮತ್ತೆ ಹಾಜರು. ಕಾರು ಒಂದು ಲೀಟರಿನ, ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್. ಸ್ಟೇಜ್ 1 ರೀಮ್ಯಾಪ್ (ಬಿಡಿಭಾಗ ಬದಲಿಸದೆ, ಪವರ್ ಏರಿಸಲು ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಅಂದರೆ ಮ್ಯಾಪ್ ಮಾತ್ರ ಬದಲಿಸುವುದು) ಆಗಿ ಆರು ತಿಂಗಳಾಗಿತ್ತು. ರೀಮ್ಯಾಪ್ ಮಾಡಿಸಿದವನಿಗೆ ಇಂಥ ಶಬ್ದ ಕೇಳಿದ ಕೂಡಲೇ ಬರುವುದು ಒಂದೇ ಯೋಚನೆ: ನಾಕಿಂಗ್, ಅಂದರೆ ಸಿಲಿಂಡರ್ ಒಳಗೆ ಪೆಟ್ರೋಲ್ ತಾನಾಗಿಯೇ ಸಿಡಿಯುತ್ತಿದೆ, ಪಿಸ್ಟನ್ ಹೋಯ್ತು.

ಮುಂದಿನ ಮೂರು ವಾರ ನಾನು ಮಾಡಿದ್ದೆಲ್ಲ ಗಾಬರಿಯಲ್ಲಿ ಮಾಡಿದ್ದು. ಮೊದಲು ಆಕ್ಟೇನ್ (ಪೆಟ್ರೋಲ್ ನಾಕಿಂಗ್ ತಡೆಯುವ ಶಕ್ತಿಯ ಅಳತೆ) ಏರಿಸುವ ಬೂಸ್ಟರ್ ಎರಡು ಬಾಟಲಿ. ಆಮೇಲೆ ಹುಬ್ಬಳ್ಳಿಗೆ ಹೋದಾಗ 100 ಆಕ್ಟೇನ್ ಪೆಟ್ರೋಲ್ ಫುಲ್ ಟ್ಯಾಂಕ್. ಅದಾದ ಮೇಲೆ ಮನೆ ಅಂಗಳದಲ್ಲೇ ಕೂತು ಹೊಸ ಸ್ಪಾರ್ಕ್ ಪ್ಲಗ್ ಹಾಕಿದೆ. ಶಬ್ದ ಒಂಚೂರೂ ಕದಲಲಿಲ್ಲ. ಕೊನೆಗೆ ಶಿರಸಿಯಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಕಾರನ್ನು ಜ್ಯಾಕ್ ಮೇಲೆ ಎತ್ತಿ, ಕೆಳಗೆ ತೂರಿ, ಉದ್ದ ಸ್ಕ್ರೂಡ್ರೈವರಿನ ಹಿಡಿಯಿಂದ ಸೈಲೆನ್ಸರ್ ಪೈಪಿನ ಮೇಲಿನ ತಗಡನ್ನು ಮೆಲ್ಲಗೆ ಕುಟ್ಟಿದರು. ಟಿರ್ರ್. ಅದೇ ಶಬ್ದ.

"ನಾಕಿಂಗ್ ಅಲ್ದೋ ತಮಾ, ತಗಡು ಬಡಿತಾ ಇದ್ದು."

ಹೀಟ್ ಶೀಲ್ಡ್! ಕಾರವಾರದ ಉಪ್ಪು ಗಾಳಿಗೆ ಬೋಲ್ಟ್ ಸುತ್ತಲಿನ ತಗಡು ಸವೆದು, ತೂತು ಬೋಲ್ಟಿನ ತಲೆಗಿಂತ ದೊಡ್ಡದಾಗಿತ್ತು. ಘಟ್ಟದಲ್ಲಿ ಜೋರಾಗಿ ಎಳೆಯುವಾಗ ಇಂಜಿನ್ ಮೌಂಟ್ ಮೇಲೆ ಸ್ವಲ್ಪ ಹೊರಳುತ್ತದೆ, ಜೊತೆಗೆ ಪೈಪೂ ಹೊರಳುತ್ತದೆ, ತಗಡು ಬಡಿಯುತ್ತದೆ. ಅಗಲ ವಾಶರ್ ಎರಡು ಹಾಕಿ ಬಿಗಿದರು. ದುಡ್ಡು ಕೊಡಲು ಹೋದರೆ "ಚಾ ಕುಡ್ಕಂಡು ಹೋಗು" ಅಂದರು.

ಕತೆ ಅಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಒಂದು ತಿಂಗಳ ಬಳಿಕ, ಯಾವ ಶಬ್ದವೂ ಇಲ್ಲದೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಓಡುತ್ತಿದ್ದ ಅದೇ ಕಾರಿಗೆ ಗೆಳೆಯನ ಸ್ಕ್ಯಾನರ್ ಹಾಕಿ ನೋಡಿದರೆ, ಮೂರನೇ ಸಿಲಿಂಡರ್ ಒಂದರಲ್ಲೇ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಟೈಮಿಂಗನ್ನು, ಅಂದರೆ ಸ್ಪಾರ್ಕ್ ಕೊಡುವ ಹೊತ್ತನ್ನು, 6 ಡಿಗ್ರಿಯಷ್ಟು ಹಿಂದಕ್ಕೆ ಎಳೆಯುತ್ತಿತ್ತು! ನಾಕಿಂಗ್ ಕಂಡಾಗ ಅದು ಮಾಡುವುದು ಹೀಗೇ. ಶಬ್ದ ಇದ್ದಾಗ ನಾಕಿಂಗ್ ಇರಲಿಲ್ಲ. ನಾಕಿಂಗ್ ಇದ್ದಾಗ ಶಬ್ದ ಇರಲಿಲ್ಲ. ಹಾಗಾಗಿ ನಾಕಿಂಗ್ ಹಿಡಿಯಲು ಇರುವ ದಾರಿಗಳಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದು ಸುಮ್ನೆ ಖರ್ಚು, ನನ್ನ ಲೆಕ್ಕ ಇಲ್ಲಿದೆ.

ಮೊದಲು ಎರಡು ಮಾತು ನಾಕಿಂಗ್ ಬಗ್ಗೆ

ಸ್ಪಾರ್ಕ್ ಹೊತ್ತಿಸಿದ ಬೆಂಕಿ ಸಿಲಿಂಡರ್ ತುಂಬ ಹರಡಬೇಕು. ಅದು ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಗಾಳಿ-ಪೆಟ್ರೋಲ್ ಬಿಸಿಗೂ ಒತ್ತಡಕ್ಕೂ ತಡೆಯಲಾರದೆ ತಾನಾಗಿಯೇ ಸಿಡಿದರೆ ಅದು ನಾಕಿಂಗ್. ಆ ಸಿಡಿತದಿಂದ ಸಿಲಿಂಡರ್ ಗಂಟೆಯ ಹಾಗೆ ಮೊಳಗುತ್ತದೆ. ಎಷ್ಟು ಎತ್ತರದ ಸ್ವರ ಅನ್ನುವುದು ಬೋರ್ (ಸಿಲಿಂಡರಿನ ಒಳ ಅಗಲ) ಅಳತೆಯ ಮೇಲೆ ಹೋಗುತ್ತದೆ: 900ನ್ನು ಪೈ ಮತ್ತು ಬೋರಿನ ಅರ್ಧದಿಂದ (ಮಿಲಿಮೀಟರಿನಲ್ಲಿ) ಭಾಗಿಸಿದರೆ ಕಿಲೊಹರ್ಟ್ಸ್‌ನಲ್ಲಿ ಸಿಗುತ್ತದೆ. 74.5 ಮಿಮೀ ಬೋರಿಗೆ ಸುಮಾರು 7.7, 86 ಮಿಮೀ ಬೋರಿಗೆ ಸುಮಾರು 6.7. ಇದು ಚುರುಕಾದ, ತೆಳ್ಳಗಿನ ಸದ್ದು. ದಡ್ ದಡ್ ಅಂತ ಸುತ್ತಿಗೆಯ ಹಾಗೆ ಕೇಳಿದರೆ ಅದು ಬೇರಿಂಗ್ ಸಮಾಚಾರ. ಅದಕ್ಕೆ ಈ ಬರಹ ಬೇಡ, ಕೂಡಲೇ ಇಂಜಿನ್ ಆಫ್ ಮಾಡಿ ಟೋ ಮಾಡಿಸಿ.

ಟರ್ಬೊ ಕಾರಿಗೆ ಈ ಕಾಟ ಜಾಸ್ತಿ ಯಾಕೆ? ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಹೊರಗೆ 30 ಡಿಗ್ರಿ ಇರುವ ಗಾಳಿಯನ್ನು ಟರ್ಬೊ ಎರಡು ಪಟ್ಟು ಒತ್ತಡಕ್ಕೆ ತಂದರೆ, ಅದನ್ನು ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ಮೊದಲು ಅದು 120 ಡಿಗ್ರಿ ಆಸುಪಾಸು ಇರುತ್ತದೆ. ರೀಮ್ಯಾಪ್ ಮಾಡಿ ಬೂಸ್ಟ್ (ಟರ್ಬೊ ಒತ್ತಡ) ಏರಿಸಿದರೆ ಇನ್ನೂ ಮೇಲೆ. ಇಂಟರ್‌ಕೂಲರ್ ಮಾತ್ರ ಕಂಪನಿ ಕೊಟ್ಟದ್ದೇ.

ಕಾರವಾರದ ಸೆಕೆಯನ್ನು ಎಲ್ಲರೂ ಬೈಯುತ್ತಾರೆ. ಆದರೆ ಗಾಳಿಯಲ್ಲಿನ ತೇವ ನಾಕಿಂಗ್ ಜಾಸ್ತಿ ಮಾಡುವುದಿಲ್ಲ, ಸ್ವಲ್ಪ ಕಡಿಮೆಯೇ ಮಾಡುತ್ತದೆ. ಪಿಕಪ್ ಕಮ್ಮಿ ಆಗುವುದು ನಿಜ. ನಾಕಿಂಗ್ ವಿಷಯದಲ್ಲಿ ತಪ್ಪು ಬಿಸಿಲಿನದು, ಬೆವರಿನದಲ್ಲ.

ಬರೀ ಕಿವಿ

ಖರ್ಚಿಲ್ಲ, ಎಲ್ಲರ ಬಳಿಯೂ ಇದೆ. ಹಾಗಾಗಿ ಎಲ್ಲರೂ ಇದನ್ನೇ ನಂಬುತ್ತಾರೆ. ಶಬ್ದ ಗೋಡೆಗೆ ಬಡಿದು ವಾಪಸ್ ಬರುವ ಜಾಗ ಸಿಕ್ಕರೆ ಕಿವಿಗೂ ಒಂದಿಷ್ಟು ಬಲ ಬರುತ್ತದೆ. ಕಾರವಾರ-ಬಿಣಗಾ ನಡುವಿನ ಸುರಂಗದಲ್ಲಿ ಕಿಟಕಿ ಇಳಿಸಿ, ಎಸಿ ಆಫ್ ಮಾಡಿ, ಮೇಲಿನ ಗೇರ್‌ನಲ್ಲಿ ನಿಧಾನಕ್ಕೆ ಎಕ್ಸಲೇಟರ್ ಒತ್ತುತ್ತಾ ಹೋದರೆ ರಸ್ತೆಯಲ್ಲಿ ಕೇಳದ ಸದ್ದುಗಳೆಲ್ಲ ಕೇಳುತ್ತವೆ. ತೊಂದರೆ ಏನೆಂದರೆ ಎಲ್ಲವೂ ಕೇಳುತ್ತವೆ. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ) ಇಂಜಿನ್ನಿನ ಇಂಜೆಕ್ಟರ್ ಸುಮ್ಮನೆ ನಿಂತಾಗಲೂ ಟಿಕ್ ಟಿಕ್ ಅನ್ನುತ್ತದೆ. ಟರ್ಬೊ ಒತ್ತಡ ಹಿಡಿತದಲ್ಲಿಡುವ ವೇಸ್ಟ್‌ಗೇಟ್ ಸಡಿಲವಾದರೆ ಕಿಣಿಕಿಣಿ. ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಹೋಗುವ ಪೈಪ್) ಬದಲಿಸಿದ್ದರೆ ಅದು ಎಲ್ಲೋ ಬಾಡಿಗೆ ತಾಗುತ್ತದೆ. ಮೇಲಾಗಿ, 4000 ದಾಟಿದ ಮೇಲೆ ಇಂಜಿನ್ನಿನ ಸ್ವಂತ ಗದ್ದಲದಲ್ಲಿ ನಿಜವಾದ ನಾಕಿಂಗ್ ಕೇಳುವುದೇ ಇಲ್ಲ. ಪಿಸ್ಟನ್ ತಿನ್ನುವುದು ಅಲ್ಲೇ.

ಕಿವಿ ಒಂದು ಕೆಲಸಕ್ಕೆ ಒಳ್ಳೆಯದು. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ನಿಂತಲ್ಲೇ ಆರ್‌ಪಿಎಂ ಏರಿಸಿ. ಲೋಡ್ ಇಲ್ಲದ ಇಂಜಿನ್ ನಾಕ್ ಮಾಡುವುದು ತೀರ ಅಪರೂಪ. ಶಬ್ದ ಅಲ್ಲೂ ಬಂತು ಅಂದರೆ ತಗಡು, ಬ್ರಾಕೆಟ್, ಬೋಲ್ಟ್ ಹುಡುಕಿ. ಕರಾವಳಿಯಲ್ಲಿ ಮೂರು ನಾಲ್ಕು ಮಳೆಗಾಲ ಕಂಡ ಕಾರಾದರೆ ಇದನ್ನೇ ಮೊದಲು ನೋಡಬೇಕು. ಆದರೆ ನ್ಯೂಟ್ರಲ್‌ನಲ್ಲಿ ಶಬ್ದ ಬರಲಿಲ್ಲ ಅಂತ ತಗಡನ್ನು ಬಿಡುಗಡೆ ಮಾಡಬೇಡಿ. ನನ್ನ ಹೀಟ್ ಶೀಲ್ಡ್ ಲೋಡ್ ಇದ್ದಾಗ ಮಾತ್ರ ಬಡಿಯುತ್ತಿತ್ತು.

ತಾಮ್ರದ ಪೈಪ್ ಮತ್ತು ಹೆಡ್‌ಫೋನ್

ಹಳೇ ಕಾಲದ ಟ್ಯೂನರ್‌ಗಳ (ಇಂಜಿನ್ನಿನ ಪವರ್ ಏರಿಸಿಕೊಡುವವರ) ಉಪಾಯ ಇದು, ನನಗೆ ತುಂಬ ಇಷ್ಟ. ಒಂದು ಅಡಿ ತಾಮ್ರದ ಪೈಪಿನ ಒಂದು ತುದಿಯನ್ನು ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ ತೂತು ಕೊರೆದು, ಇಂಜಿನ್ ಬ್ಲಾಕಿನಲ್ಲಿ ನಾಕ್ ಸೆನ್ಸರ್ (ಇಸಿಯುಗೆ ನಾಕಿಂಗ್ ಸುದ್ದಿ ಕೊಡುವ ಸೆನ್ಸರ್) ಹತ್ತಿರ ಇರುವ ಯಾವುದಾದರೂ ಬೋಲ್ಟಿಗೆ ಬಿಗಿಯುವುದು. ಸೆನ್ಸರ್ ಬೋಲ್ಟನ್ನು ಮಾತ್ರ ಮುಟ್ಟಬೇಡಿ. ಅದರ ಟಾರ್ಕ್ ಸಾಮಾನ್ಯವಾಗಿ 20 ನ್ಯೂಟನ್ ಮೀಟರ್ ಇರುತ್ತದೆ, ಅದು ತಪ್ಪಿದರೆ ಸೆನ್ಸರ್ ಇದ್ದದ್ದನ್ನು ಹೇಳುವುದಿಲ್ಲ, ಇಲ್ಲದ್ದನ್ನು ಹೇಳುತ್ತದೆ. ಪೈಪಿನ ಇನ್ನೊಂದು ತುದಿಗೆ ರಬ್ಬರ್ ಹೋಸ್. ಹೋಸನ್ನು ಕ್ಯಾಬಿನ್ ಒಳಗೆ ತಂದು, ಕಾರ್ಖಾನೆಯವರು ಕಿವಿಗೆ ಹಾಕಿಕೊಳ್ಳುವ ಇಯರ್ ಮಫ್‌ಗೆ ಸಿಕ್ಕಿಸಿದರೆ ಮುಗಿಯಿತು. ಹೊರಗಿನ ಗದ್ದಲ ನಿಂತು ಬ್ಲಾಕಿನ ಶಬ್ದ ಮಾತ್ರ ಬರುತ್ತದೆ. ಹೋಸ್ ಎಕ್ಸಾಸ್ಟ್‌ಗೆ ತಾಗದ ಹಾಗೆ, ಬೆಲ್ಟಿಗೆ ಸಿಗದ ಹಾಗೆ ಕಟ್ಟಬೇಕು, ಅಷ್ಟು ಎಚ್ಚರ ಇರಲಿ.

ಖರ್ಚು ಹಾರ್ಡ್‌ವೇರ್ ಅಂಗಡಿ ಮತ್ತು ಒಂದು ಮಧ್ಯಾಹ್ನ. ಹೀಟ್ ಶೀಲ್ಡ್ ಶಬ್ದವೂ ನಾಕಿಂಗೂ ಇಲ್ಲಿ ಬೇರೆ ಬೇರೆಯಾಗಿ ಕೇಳುತ್ತವೆ. ತಗಡಿನದು ದೂರದಲ್ಲಿ ಮಂಕಾಗಿ, ನಾಕಿಂಗ್ ಹತ್ತಿರದಲ್ಲೇ ಚಟಚಟ ಅಂತ, ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಆದರೆ ಇದನ್ನು ಹಾಕಿಕೊಂಡು ಡ್ರೈವ್ ಮಾಡುವಂತಿಲ್ಲ, ಪಕ್ಕದಲ್ಲಿ ಕೂತವರು ಕೇಳಬೇಕು. ಮೊದಲ ದಿನವೇ ಕಿವಿ ಪಳಗುವುದೂ ಇಲ್ಲ. ಯಾವ ಸಿಲಿಂಡರ್ ಅಂತಲೂ ತಿಳಿಯುವುದಿಲ್ಲ. ಸ್ಕ್ಯಾನರ್ ಏನೋ ಹೇಳುತ್ತಿದೆ, ನಂಬಲಾಗುತ್ತಿಲ್ಲ ಅನ್ನುವಾಗ ಸಾಕ್ಷಿಗೆ ಇದಕ್ಕಿಂತ ಚೀಪಾದದ್ದಿಲ್ಲ.

ಸಾವಿರ ರೂಪಾಯಿಯ ಬ್ಲೂಟೂತ್ ಒಬಿಡಿ

ಕಾರಿನ ಒಬಿಡಿ ಸಾಕೆಟ್ಟಿಗೆ (ಇಸಿಯು ಅಂಕಿಗಳನ್ನು ಓದುವ ಜಾಗ) ಸಿಕ್ಕಿಸುವ, ಆನ್‌ಲೈನ್‌ನಲ್ಲಿ ಸಿಗುವ ಇಎಲ್ಎಂ 327 ಅಡಾಪ್ಟರ್, ಫೋನಿನಲ್ಲಿ ಒಂದು ಆ್ಯಪ್. ಹೆಚ್ಚಿನವರು ಇಲ್ಲಿಂದಲೇ ಶುರು ಮಾಡುತ್ತಾರೆ, ಶುರು ಮಾಡಲು ತಪ್ಪೇನಿಲ್ಲ. ಇಗ್ನಿಶನ್ ಟೈಮಿಂಗ್, ಒಳಗೆ ಹೋಗುವ ಗಾಳಿಯ ಬಿಸಿ, ಮ್ಯಾನಿಫೋಲ್ಡ್ ಒತ್ತಡ, ಫ್ಯುಯೆಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಅನ್ನುವುದು), ಕೂಲಂಟ್ ಬಿಸಿ ಇವೆಲ್ಲ ಸಿಗುತ್ತವೆ. ಸಿಗದಿರುವುದು ನಮಗೆ ಬೇಕಾದ ಒಂದೇ ಒಂದು: ನಾಕಿಂಗ್‌ನಿಂದಾಗಿ ಯಾವ ಸಿಲಿಂಡರ್‌ನಲ್ಲಿ ಎಷ್ಟು ಡಿಗ್ರಿ ಕಡಿತ ಆಯಿತು ಅನ್ನುವುದು. ಟೈಮಿಂಗ್ 12ರಿಂದ 7ಕ್ಕೆ ಇಳಿಯಿತು ಅಂತ ಆ್ಯಪ್ ತೋರಿಸಿದರೆ ಅದು ನಾಕಿಂಗೇ ಆಗಬೇಕಿಲ್ಲ. ಗಾಳಿ ಬಿಸಿಯಾಯಿತು ಅಂತಲೂ, ಗೇರ್‌ಬಾಕ್ಸ್ ಗೇರ್ ಬದಲಿಸುತ್ತಿದೆ ಅಂತಲೂ ಇಸಿಯು ಟೈಮಿಂಗ್ ಇಳಿಸುತ್ತದೆ.

ಇನ್ನೊಂದು ತೊಂದರೆ ವೇಗ. ಈ ಅಡಾಪ್ಟರ್‌ಗಳು ಒಂದೊಂದೇ ಅಂಕಿ ಕೇಳಿ ಕೇಳಿ ತರುತ್ತವೆ. ಹತ್ತು ಅಂಕಿ ಒಟ್ಟಿಗೆ ಲಾಗ್ ಮಾಡಲು (ದಾಖಲಿಸಲು) ಹೋದರೆ ಒಂದು ಅಂಕಿಯ ಸರದಿ ಮತ್ತೆ ಬರುವಷ್ಟರಲ್ಲಿ ಒಂದು ಸೆಕೆಂಡೂ ಆಗಿಬಿಡುತ್ತದೆ. 3000 ಆರ್‌ಪಿಎಂನಲ್ಲಿ ಒಂದು ಸಿಲಿಂಡರ್ ಸೆಕೆಂಡಿಗೆ 25 ಸಲ ಉರಿಯುತ್ತದೆ. ನಡುವೆ ಏನಾಯಿತೋ ದೇವರಿಗೇ ಗೊತ್ತು. ನಾಲ್ಕೇ ಅಂಕಿ ಇಟ್ಟುಕೊಳ್ಳಿ: ಆರ್‌ಪಿಎಂ, ಟೈಮಿಂಗ್, ಗಾಳಿಯ ಬಿಸಿ, ಒತ್ತಡ.

ಇದನ್ನು ಬುದ್ಧಿವಂತಿಕೆಯಿಂದ ಬಳಸುವ ದಾರಿ ಒಂದಿದೆ. ಅದೇ ಏರು, ಅದೇ ಗೇರ್, ಅದೇ ಹೊತ್ತು, ಪೆಟ್ರೋಲ್ ಮಾತ್ರ ಬೇರೆ. ಸಾದಾ ಪೆಟ್ರೋಲಿನಲ್ಲಿ ಒಂದು ಲಾಗ್, ಟ್ಯಾಂಕ್ ಹೆಚ್ಚುಕಡಿಮೆ ಖಾಲಿ ಮಾಡಿ 100 ಆಕ್ಟೇನ್ ತುಂಬಿಸಿ ಇನ್ನೊಂದು ಲಾಗ್. ಟೈಮಿಂಗ್ ಮೂರು ನಾಲ್ಕು ಡಿಗ್ರಿ ಏರಿತು ಅಂದರೆ ನಿಮ್ಮ ಇಂಜಿನ್ ಸಾದಾ ಪೆಟ್ರೋಲಿನಲ್ಲಿ ನಾಕಿಂಗ್ ಅಂಚಿನಲ್ಲೇ ಓಡುತ್ತಿತ್ತು. ಏನೂ ಬದಲಾಗದಿದ್ದರೆ ಪೆಟ್ರೋಲನ್ನು ದೂರಬೇಡಿ.

ಕಾರಿನ ಭಾಷೆ ಗೊತ್ತಿರುವ ಸ್ಕ್ಯಾನರ್

ನನ್ನನ್ನು ಕೇಳಿದರೆ ದುಡ್ಡು ಹಾಕಬೇಕಾದದ್ದು ಇಲ್ಲಿ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಿಗೆ ವಿಸಿಡಿಎಸ್, ಒಬಿಡಿ ಇಲೆವೆನ್ ಥರದವು ಇವೆ. ಬೇರೆ ಕಂಪನಿಗಳಿಗೆ ಅವರವರದು. ಕೆಲವು ಟ್ಯೂನರ್‌ಗಳು ಮ್ಯಾಪ್ ಜೊತೆಗೆ ಲಾಗ್ ತೆಗೆಯುವ ಸಾಧನವನ್ನೂ ಕೊಡುತ್ತಾರೆ. ಮ್ಯಾಪ್ ಕೊಳ್ಳುವ ಮೊದಲೇ ಅದನ್ನು ಕೇಳಿ. ಈ ಸ್ಕ್ಯಾನರ್‌ಗಳಲ್ಲಿ ಪ್ರತಿ ಸಿಲಿಂಡರಿನ ನಾಕ್ ರಿಟಾರ್ಡ್ (ನಾಕಿಂಗ್‌ನಿಂದಾಗಿ ಆದ ಟೈಮಿಂಗ್ ಕಡಿತ) ಬೇರೆ ಬೇರೆಯಾಗಿ ಕಾಣುತ್ತದೆ.

ಎಷ್ಟು ಡಿಗ್ರಿ ಆದರೆ ಹೆದರಬೇಕು? ಆಗಾಗ ಒಂದೆರಡು ಡಿಗ್ರಿ ಬಂದು ಹೋಗುವುದು ಸಹಜ. ಇಸಿಯು ತಾನೇ ಅಂಚನ್ನು ಮುಟ್ಟಿ ನೋಡುತ್ತದೆ. ಮೂರರ ಮೇಲೆ ನಿಂತೇ ಇದ್ದರೆ ಕಾರಣ ಹುಡುಕಬೇಕು. ಆರು ದಾಟಿದರೆ ನಾನು ಆ ಮ್ಯಾಪಿನಲ್ಲಿ ಕಾರನ್ನು ಜೋರಾಗಿ ಓಡಿಸುವುದಿಲ್ಲ. ಇಂಜಿನ್ನಿಂದ ಇಂಜಿನ್ನಿಗೆ ಇದು ಹೆಚ್ಚುಕಡಿಮೆ ಆಗುತ್ತದೆ. ನಿಮ್ಮ ಟ್ಯೂನರ್ ಬೇರೆ ಅಂಕಿ ಹೇಳಿದರೆ ಅವರು ಯಾಕೆ ಹಾಗೆ ಹೇಳುತ್ತಾರೆ ಅಂತ ಕೇಳಿ. ಉತ್ತರ "ಏನಾಗಲ್ಲ ಬಿಡಿ ಸರ್" ಅಂತಿದ್ದರೆ ಟ್ಯೂನರನ್ನೇ ಬದಲಿಸುವ ಯೋಚನೆ ಮಾಡಿ.

ಅಂಕಿಗಿಂತ ಅದು ಬರುವ ರೀತಿ ಜಾಸ್ತಿ ಹೇಳುತ್ತದೆ. ಎಲ್ಲ ಸಿಲಿಂಡರ್‌ಗಳಲ್ಲೂ ಒಂದೇ ಸಮ ಕಡಿತ ಆದರೆ ಎಲ್ಲಕ್ಕೂ ಸೇರಿದ ಕಾರಣ ಇರಬೇಕು, ಅಂದರೆ ಪೆಟ್ರೋಲ್, ಬಿಸಿ ಗಾಳಿ ಅಥವಾ ಅತಿಯಾಸೆಯ ಮ್ಯಾಪ್. ಮೊದಲ ಏರಿನಲ್ಲಿ ಸರಿ ಇದ್ದು ಮೂರನೇ ಏರಿನ ಹೊತ್ತಿಗೆ ಕಡಿತ ಬೆಳೆಯುತ್ತಾ ಹೋದರೆ, ಪಕ್ಕದಲ್ಲೇ ಗಾಳಿಯ ಬಿಸಿಯೂ ಏರುತ್ತಿದ್ದರೆ, ಇಂಟರ್‌ಕೂಲರ್ ಸೋತಿದೆ. ಲೋಡ್ ಎಷ್ಟೇ ಇರಲಿ ಸರಿಯಾಗಿ ಅದೇ ಆರ್‌ಪಿಎಂನಲ್ಲಿ ಬಂದು ಹೋದರೆ ಅದು ಯಾವುದೋ ಬ್ರಾಕೆಟ್ ನಡುಗುವುದು, ಸೆನ್ಸರ್ ಅದನ್ನೇ ನಾಕಿಂಗ್ ಅಂದುಕೊಂಡಿದೆ. ಗಟ್ಟಿ ಇಂಜಿನ್ ಮೌಂಟ್ ಹಾಕಿಸಿದವರಿಗೆ ಇದು ಆಗುವುದುಂಟು. ಒಂದೇ ಸಿಲಿಂಡರ್ ಆದರೆ ಅದರ ಪ್ಲಗ್, ಅದರ ಇಂಜೆಕ್ಟರ್, ಅದರ ಕಾರ್ಬನ್.

ನನ್ನದು ಮೂರನೇ ಸಿಲಿಂಡರ್ ಮಾತ್ರ. ಪ್ಲಗ್ ತೆಗೆಯಲು ಸ್ಪ್ಯಾನರ್ ಹಾಕಿದರೆ ಬಲವೇ ಬೇಕಾಗಲಿಲ್ಲ, ಬೆರಳಲ್ಲೇ ತಿರುಗಿತು. ಗಾಬರಿಯಲ್ಲಿ ಅಂಗಳದಲ್ಲಿ ಕೂತು ಪ್ಲಗ್ ಬದಲಿಸಿದ್ದೆನಲ್ಲ, ಆಗ ಅದನ್ನು ಸರಿಯಾಗಿ ಬಿಗಿದಿರಲಿಲ್ಲ. ಪ್ಲಗ್‌ಗೆ ತಾಗುವ ಬಿಸಿ ವಾಶರ್ ಮೂಲಕ ಹೆಡ್‌ಗೆ ಇಳಿಯಬೇಕು. ಸಡಿಲ ಇದ್ದರೆ ಇಳಿಯುವುದಿಲ್ಲ, ಪ್ಲಗ್ ತುದಿ ಕೆಂಡದ ಹಾಗೆ ಉಳಿದು ಸುತ್ತಲಿನದನ್ನೆಲ್ಲ ಬಿಸಿ ಮಾಡುತ್ತದೆ. ಇಲ್ಲದ ನಾಕಿಂಗಿಗೆ ಮದ್ದು ಮಾಡಲು ಹೋಗಿ ಇರುವ ನಾಕಿಂಗನ್ನು ನಾನೇ ತಂದಿಟ್ಟೆ. ಬಾಕ್ಸ್ ಮೇಲೆ ಟಾರ್ಕ್ ಬರೆದಿರುತ್ತದೆ, ಟಾರ್ಕ್ ರೆಂಚ್ ಇಲ್ಲದಿದ್ದರೆ ಯಾರದ್ದಾದರೂ ಕಡ ತನ್ನಿ. ಪೊರ್ಸಲಿನ್ (ಪ್ಲಗ್‌ನ ಬಿಳಿ ಪಿಂಗಾಣಿ) ಮೇಲೆ ಕಲೆ ಬಂದಿದ್ದರಿಂದ ಆ ಪ್ಲಗ್ ಎಸೆದು ಇನ್ನೊಂದು ಹಾಕಿದೆ. ಕಡಿತ ಸೊನ್ನೆಗೆ ಇಳಿಯಿತು.

ಪ್ಲಗ್ ಓದುವುದು, ಬೋರೋಸ್ಕೋಪ್, ಡೈನೋ

ಪ್ಲಗ್ ಬಿಚ್ಚಿ ನೋಡುವುದು ಹಳೇ ವಿದ್ಯೆ, ಈಗಲೂ ಕೆಲಸಕ್ಕೆ ಬರುತ್ತದೆ. ಪೊರ್ಸಲಿನ್ ಮೇಲೆ ಪುಡಿ ಮೆಣಸು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ, ಬೆಳಕಿಗೆ ಹಿಡಿದರೆ ಮಿನುಗುವ ಅಲ್ಯೂಮಿನಿಯಂ ಕಣ, ಪೊರ್ಸಲಿನ್ ಬಿರುಕು ಇವು ಕೆಟ್ಟ ಗುರುತು. ಮಿನುಗುವುದು ಪಿಸ್ಟನ್ನಿನ ಚೂರು. ಹಾಗಾಗಿ ಇದು ಕಳ್ಳ ಹೋದ ಮೇಲೆ ಹೆಜ್ಜೆ ಗುರುತು ನೋಡಿದ ಹಾಗೆ. ಆಕ್ಟೇನ್ ಬೂಸ್ಟರ್ ಹಾಕಿದ್ದರೆ ಎಷ್ಟೋ ಸಲ ಪ್ಲಗ್ ಕೆಂಪು-ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ, ಅದನ್ನು ನೋಡಿ ಹೆದರಬೇಡಿ. ಅಂದ ಹಾಗೆ, ಬಾಟಲಿ ಮೇಲೆ "30 ಪಾಯಿಂಟ್" ಅಂತ ಬರೆದಿದ್ದರೆ ಒಂದು ಪಾಯಿಂಟ್ ಅಂದರೆ ಸಾಮಾನ್ಯವಾಗಿ 0.1 ಆಕ್ಟೇನ್. ನಾನು ಅದನ್ನು ಓದಿದ್ದು ಎರಡು ಬಾಟಲಿ ಸುರಿದ ಮೇಲೆ.

ರೀಮ್ಯಾಪ್ ಆದ ಕಾರಿಗೆ ಒಂದು ಹಂತ ತಂಪಿನ, ಅಂದರೆ ತನ್ನ ಬಿಸಿಯನ್ನು ಬೇಗ ಹೆಡ್‌ಗೆ ಇಳಿಸುವ ಪ್ಲಗ್ ಹಾಕುವುದು ವಾಡಿಕೆ. ಇಲ್ಲಿ ಒಂದು ಕಿರಿಕಿರಿ ಇದೆ: ಎನ್‌ಜಿಕೆಯಲ್ಲಿ ಸಂಖ್ಯೆ ದೊಡ್ಡದಾದರೆ ತಂಪು, ಬಾಶ್‌ನಲ್ಲಿ ಸಂಖ್ಯೆ ದೊಡ್ಡದಾದರೆ ಬಿಸಿ. ಒಂದರ ಲೆಕ್ಕ ಇನ್ನೊಂದಕ್ಕೆ ಹಚ್ಚಿದರೆ ಬೇಕಾದ್ದಕ್ಕೆ ತದ್ವಿರುದ್ಧದ ಪ್ಲಗ್ ಮನೆಗೆ ಬರುತ್ತದೆ.

ಫೋನಿಗೆ ಸಿಕ್ಕಿಸುವ ಬೋರೋಸ್ಕೋಪ್ (ಉದ್ದ ವೈರಿನ ತುದಿಯ ಪುಟ್ಟ ಕ್ಯಾಮೆರಾ) ಈಗ ಚೀಪು. ಪ್ಲಗ್ ತೂತಿನಿಂದ ಇಳಿಸಿ ಪಿಸ್ಟನ್ ಅಂಚು ಇಲಿ ಕಡಿದ ಹಾಗೆ ಆಗಿದೆಯಾ ನೋಡಬಹುದು. ಸೆಕೆಂಡ್ ಹ್ಯಾಂಡ್‌ನಲ್ಲಿ ರೀಮ್ಯಾಪ್ ಆದ ಟರ್ಬೊ ಕಾರು ಕೊಳ್ಳುವವರಿಗೆ ನಾನು ಇದನ್ನೇ ಮೊದಲು ಹೇಳುವುದು.

ಡೈನೋ (ಕಾರನ್ನು ರೋಲರ್ ಮೇಲೆ ಓಡಿಸಿ ಪವರ್ ಅಳೆಯುವ ಯಂತ್ರ) ವಿಷಯಕ್ಕೆ ಬಂದರೆ, ಉತ್ತರ ಕನ್ನಡದವರು ಅದಕ್ಕಾಗಿ ಬೆಂಗಳೂರಿನಂಥ ದೂರದ ಊರಿಗೆ ಹೋಗಬೇಕು. ಮ್ಯಾಪ್ ಬರೆಯಲು ಅದು ಬೇಕು, ಒಪ್ಪಿದೆ. ಆದರೆ ನಾಕಿಂಗ್ ಹುಡುಕಲು ಅಷ್ಟು ದೂರ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಡೈನೋದಲ್ಲಿ ಒಂದು ಎಳೆತ ಹತ್ತು ಹದಿನೈದು ಸೆಕೆಂಡ್, ಮಧ್ಯೆ ಫ್ಯಾನ್ ಹಾಕಿ ತಣಿಸುತ್ತಾರೆ. ಅರಬೈಲ್ ಘಟ್ಟದಲ್ಲಿ ಮಧ್ಯಾಹ್ನ ಎರಡು ಗಂಟೆಗೆ, ಎದುರು ಲಾರಿ ಸಾಲು, ಗಾಡಿಯಲ್ಲಿ ಐದು ಜನ, ಎಸಿ ಆನ್, ಆ ಪರೀಕ್ಷೆ ಯಾವ ಡೈನೋದಲ್ಲೂ ಇಲ್ಲ.

ಪ್ರತ್ಯೇಕ ನಾಕ್ ಮಾನಿಟರ್ ಕಿಟ್‌ಗಳೂ ಇವೆ. ತಮ್ಮದೇ ಸೆನ್ಸರ್, ತಮ್ಮದೇ ಡಿಸ್‌ಪ್ಲೇ. ಇಸಿಯು ಬದಲಿಸಿದವರಿಗೆ, ಇಂಜಿನ್ ಬಿಚ್ಚಿ ಕಟ್ಟಿದವರಿಗೆ ಅದು. ಸ್ಟೇಜ್ 1ರವರಿಗೆ ಬೇಡ.

ಪೆಟ್ರೋಲ್ ಬಗ್ಗೆ ಬೇರೆಯೇ ಹೇಳಬೇಕು

ಮಾಜಾಳಿ ದಾಟಿ ಪೋಳೆಂನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಬರುವುದು ಕಾರವಾರದವರಿಗೆ ರೂಢಿ. ಗೋವಾದಲ್ಲಿ ರೇಟ್ ಕಮ್ಮಿ. ಅಲ್ಲಿನ ಪೆಟ್ರೋಲ್ ನಾಕಿಂಗಿಗೆ ಒಳ್ಳೆಯದು ಅಂತಲೂ ಕೆಟ್ಟದು ಅಂತಲೂ ಎರಡೂ ಮಾತು ಕೇಳಿದ್ದೇನೆ. ಕಮ್ಮಿ ಇರುವುದು ತೆರಿಗೆ, ಆಕ್ಟೇನ್ ಅಲ್ಲ.

ಮೊದಲು ಸಾದಾ ಪೆಟ್ರೋಲ್ ಅಂದರೆ 91 ಆಕ್ಟೇನ್. 2023ರ ಫೆಬ್ರವರಿಯಿಂದ ಬರತೊಡಗಿದ ಇ20ಗೆ (ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್) ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಹೇಳುವ ಕನಿಷ್ಠ ಮಟ್ಟ 95. ನಾಕಿಂಗ್ ಒಂದನ್ನೇ ನೋಡಿದರೆ ಇದು ನಮಗೆ ಲಾಭ. ಎಥನಾಲ್ ಆವಿಯಾಗುವಾಗ ಸಿಲಿಂಡರನ್ನು ತಣಿಸುತ್ತದೆ ಕೂಡ. ಆದರೆ ಎಥನಾಲ್‌ಗೆ ಕಡಿಮೆ ಗಾಳಿ ಸಾಕು, ಇಂಧನ ಜಾಸ್ತಿ ಬೇಕು. ತೂಕದ ಲೆಕ್ಕದಲ್ಲಿ ಒಂದು ಪಾಲು ಬರೀ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ ಇ20ಗೆ ಸುಮಾರು 13.5. ಇ10 ಕಾಲದಲ್ಲಿ ಬರೆದ ಮ್ಯಾಪಿನಲ್ಲಿ ಫ್ಯುಯೆಲ್ ಟ್ರಿಮ್ ನಾಲ್ಕೈದು ಶೇಕಡಾ ಪ್ಲಸ್ ಕಂಡರೆ ಅದು ಲೀಕ್ ಅಂತ ಹೋಸ್‌ಗಳನ್ನೆಲ್ಲ ಬಿಚ್ಚಲು ಹೋಗಬೇಡಿ. ಹತ್ತು ದಾಟಿದರೆ ನೋಡಿ. ಫುಲ್ ಎಕ್ಸಲೇಟರ್‌ನಲ್ಲಿ ಫ್ಯುಯೆಲ್ ಪಂಪ್ ಸಾಲದೆ ಹೋದರೆ ಮಿಶ್ರಣ ತೆಳುವಾಗಿ, ಒಳ್ಳೇ ಆಕ್ಟೇನ್ ಇದ್ದೂ ನಾಕಿಂಗ್ ಬರುತ್ತದೆ. ರೈಲ್ ಪ್ರೆಶರ್ (ಇಂಜೆಕ್ಟರ್‌ಗಳಿಗೆ ಹೋಗುವ ಪೆಟ್ರೋಲಿನ ಒತ್ತಡ) ಬೇಕಾದದ್ದು ಎಷ್ಟು, ಇರುವುದು ಎಷ್ಟು ಎರಡನ್ನೂ ಒಟ್ಟಿಗೆ ಲಾಗ್ ಮಾಡಿದರೆ ಇದು ಕಾಣುತ್ತದೆ. ಇದಕ್ಕೂ ಕಾರಿನ ಭಾಷೆ ಗೊತ್ತಿರುವ ಸ್ಕ್ಯಾನರೇ ಬೇಕು.

ಇಂಡಿಯನ್ ಆಯಿಲ್‌ನ ಎಕ್ಸ್‌ಪಿ 100 2020ರ ಕೊನೆಯಲ್ಲಿ ಬಂತು. ಪ್ರತಿ ಬಂಕಿನಲ್ಲಿ ಸಿಗುವ ಸರಕಲ್ಲ. 100 ಆಕ್ಟೇನ್‌ಗೆ ಬರೆಸಿದ ಮ್ಯಾಪ್ ಹಾಕಿಸಿಕೊಂಡು ಸಿದ್ದಾಪುರದಲ್ಲಿ ಬಂಕ್ ಹುಡುಕುತ್ತಾ ನಿಲ್ಲುವವರನ್ನು ನೋಡಿದ್ದೇನೆ. ನಿಮ್ಮ ಊರಿನಲ್ಲಿ ಸಿಗುವ ಪೆಟ್ರೋಲಿಗೆ ಮ್ಯಾಪ್ ಮಾಡಿಸಿ. ಪರೀಕ್ಷೆಗೆ ಮಾತ್ರ ದುಬಾರಿಯದ್ದು ಇರಲಿ.

ಘಟ್ಟದಲ್ಲಿ ಗೇರ್ ಇಳಿಸದವರಿಗೆ

ಇನ್ನೊಂದು ಜಾತಿ ಇದೆ, ಅದನ್ನು ನಾಕಿಂಗ್ ಜೊತೆ ಬೆರೆಸಬಾರದು. 2000 ಆರ್‌ಪಿಎಂ ಕೆಳಗೆ, ಮೇಲಿನ ಗೇರ್‌ನಲ್ಲಿ ಎಕ್ಸಲೇಟರ್ ತುಳಿದಾಗ ಒಮ್ಮೆಗೇ ಢಬ್ ಅಂತ ಒಂದು ಹೊಡೆತ. ಸ್ಪಾರ್ಕ್ ಬರುವ ಮೊದಲೇ ಹೊತ್ತಿಕೊಳ್ಳುವುದು ಇದು. ಸಣ್ಣ ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಇಂಜಿನ್‌ಗಳ ರೋಗ. ಟೈಮಿಂಗ್ ಹಿಂದಕ್ಕೆ ಎಳೆದರೂ ಪ್ರಯೋಜನ ಇಲ್ಲ, ಯಾಕೆಂದರೆ ಹೊತ್ತಿಸಿದ್ದು ಸ್ಪಾರ್ಕ್ ಅಲ್ಲವೇ ಅಲ್ಲ. ಒಂದೇ ಹೊಡೆತಕ್ಕೆ ಪಿಸ್ಟನ್ ಒಡೆಯುವುದೂ ಉಂಟು. ಇಂಜಿನ್ ಆಯಿಲ್‌ನಲ್ಲಿನ ಕ್ಯಾಲ್ಸಿಯಂಗೂ ಇದಕ್ಕೂ ಸಂಬಂಧ ಇದೆ. ಅದಕ್ಕೇ 2018ರಲ್ಲಿ ಎಪಿಐ (ಆಯಿಲ್‌ಗೆ ದರ್ಜೆ ಕೊಡುವ ಅಮೆರಿಕದ ಸಂಸ್ಥೆ) ಎಸ್ಎನ್ ಪ್ಲಸ್, 2020ರಲ್ಲಿ ಎಸ್‌ಪಿ ದರ್ಜೆಯ ಆಯಿಲ್ ಬಂದದ್ದು. ಡಬ್ಬಿ ಮೇಲೆ ಎಸ್‌ಪಿ ಅಥವಾ ಅದರ ನಂತರದ ದರ್ಜೆ ಇದೆಯಾ ನೋಡಿಕೊಳ್ಳಿ, ಕಾರು ಕಂಪನಿಯ ದರ್ಜೆಯೂ ಹೊಂದಬೇಕು.

ಮೈಲೇಜ್ ಆಸೆಗೆ ದೇವಿಮನೆಯನ್ನು ನಾಲ್ಕನೇ ಗೇರ್‌ನಲ್ಲೇ 1500ರಲ್ಲಿ ಎಳೆಸುವವರು ನಮ್ಮಲ್ಲಿ ಬಹಳ. ಡೀಸೆಲ್ ಜೀಪಿನಲ್ಲಿ ಕಲಿತ ಅಭ್ಯಾಸ. ರೀಮ್ಯಾಪ್ ಆದ ಸಣ್ಣ ಪೆಟ್ರೋಲ್ ಟರ್ಬೊಗೆ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ. ಗೇರ್ ಇಳಿಸಿ, 2500ರ ಮೇಲೆ ಹತ್ತಿಸಿ.

ಹಾಗಾದರೆ ಯಾವುದನ್ನು ಆರಿಸಬೇಕು?

ಕಾರು ಕಂಪನಿ ಮ್ಯಾಪಿನಲ್ಲೇ ಇದೆ, ಶಬ್ದ ಮಾತ್ರ ಬರುತ್ತಿದೆ ಅಂದರೆ ಏನೂ ಕೊಳ್ಳಬೇಡಿ. ಕಾರನ್ನು ಎತ್ತಿಸಿ, ತಗಡು ಕುಟ್ಟಿಸಿ ನೋಡಿ.

ಸ್ಟೇಜ್ 1 ಇದ್ದು ಶಬ್ದ ಇಲ್ಲ ಅಂದರೂ ಪ್ರತಿ ಸಿಲಿಂಡರ್ ತೋರಿಸುವ ಸ್ಕ್ಯಾನರ್ ಬೇಕು. ಸ್ವಂತಕ್ಕೆ ಕೊಳ್ಳಲು ಕಷ್ಟವಾದರೆ ನಾಲ್ಕು ಜನ ಸೇರಿ ಒಂದು ತೆಗೆದುಕೊಳ್ಳಿ, ನಾವು ಹಾಗೇ ಮಾಡಿದ್ದು. ಅದು ನಾಕಿಂಗ್ ತೋರಿಸಿ ನಿಮಗೆ ನಂಬಿಕೆ ಬರದಿದ್ದರೆ ತಾಮ್ರದ ಪೈಪ್. ಎರಡೂ ಒಂದೇ ಮಾತು ಹೇಳಿದರೆ ಆಮೇಲೆ ಪೆಟ್ರೋಲ್ ಬದಲಿಸಿ ನೋಡುವುದು, ಅದಕ್ಕೂ ಜಗ್ಗದಿದ್ದರೆ ಕಂಪನಿ ಮ್ಯಾಪ್ ವಾಪಸ್ ಹಾಕಿ ನೋಡುವುದು. ಕಂಪನಿ ಮ್ಯಾಪಿನಲ್ಲಿ ನಿಂತರೆ ರೀಮ್ಯಾಪ್ ಅತಿಯಾಗಿದೆ. ಅಲ್ಲೂ ನಿಲ್ಲದಿದ್ದರೆ ಇಂಜಿನ್ನಿನಲ್ಲೇ ಏನೋ ಇದೆ, ಟ್ಯೂನರ್ ಜೊತೆ ಜಗಳ ಆಡಿ ಪ್ರಯೋಜನ ಇಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ನಾನು ಬೂಸ್ಟರ್, ಪೆಟ್ರೋಲ್, ಪ್ಲಗ್ ಮೂರನ್ನೂ ಒಂದರ ಹಿಂದೆ ಒಂದು ತುರುಕಿ, ಯಾವುದರಿಂದ ಏನಾಯಿತು ಅಂತ ತಿಳಿಯದೆ ಕೂತಿದ್ದೆ.

ಬರೀ ಬ್ಲೂಟೂತ್ ಅಡಾಪ್ಟರ್ ಇರುವವರು ಅದರಲ್ಲೇ ಗಾಳಿಯ ಬಿಸಿಯ ಮೇಲೆ ಕಣ್ಣಿಡಿ, ಅದು ಅದಕ್ಕೆ ಸಾಕು.

ಲಾಗ್ ತೆಗೆಯಲು ನಾನು ಆರಿಸುವುದು ಬೆಳಿಗ್ಗೆ ಆರರ ಹೊತ್ತು, ಖಾಲಿ ಏರು, ಮೂರನೇ ಗೇರ್, 2000ದಿಂದ 3500 ಆರ್‌ಪಿಎಂ. ಏರಿನಲ್ಲಿ ಲೋಡ್ ತಾನಾಗಿಯೇ ಬರುವುದರಿಂದ ವೇಗದ ಮಿತಿ ದಾಟುವ ಅಗತ್ಯ ಬರುವುದಿಲ್ಲ. ಪಕ್ಕದ ಸೀಟಿನಲ್ಲಿ ಒಬ್ಬರು ಫೋನ್ ನೋಡಬೇಕು, ಡ್ರೈವರ್ ರಸ್ತೆ ನೋಡಬೇಕು. ಕಡಿತ ಆರು ದಾಟುತ್ತಿದ್ದ ಹಾಗೆ ಅವರು "ಬಿಡು" ಅನ್ನುತ್ತಾರೆ, ನಾನು ಕಾಲು ತೆಗೆಯುತ್ತೇನೆ.

ಮತ್ತೆ, ಜುಲೈನಲ್ಲಿ ತೆಗೆದ ಲಾಗ್ ಚೆನ್ನಾಗಿ ಬಂತು ಅಂತ ಫೈಲ್ ಮುಚ್ಚಿಡಬೇಡಿ. ದೇವಿಮನೆಯಲ್ಲಿ ಮಳೆ ಸುರಿಯುವಾಗ 22 ಡಿಗ್ರಿ ಗಾಳಿ ಕುಡಿದ ಇಂಜಿನ್ ಯಾವ ದೂರೂ ಹೇಳುವುದಿಲ್ಲ. ಏಪ್ರಿಲ್ ಬರಲಿ, ಅದೇ ಏರಿನಲ್ಲಿ, ಈ ಸಲ ಮಧ್ಯಾಹ್ನ, ಇನ್ನೊಂದು ಲಾಗ್ ತೆಗೆದು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ.